ಏಳು ಸೆಕೆಂಡಿಗೊಂದು ಫೈಲು

ಬಡಿಯುತ್ತೇನೆ, ಬಡಿದದ್ದು ಕಾಣುವುದಿಲ್ಲ, ಪಾಸ್‌ವರ್ಡ್ ಹಾಕುವಾಗ ಈ ಕಪ್ಪು ಕಿಟಕಿಯಲ್ಲಿ ಒಂದು ಚುಕ್ಕೆಯೂ ಮೂಡುವುದಿಲ್ಲ, ಹೊಸದಾಗಿ ಬಂದವರೆಲ್ಲ ಕೀಬೋರ್ಡ್ ಕೆಟ್ಟಿದೆ ಎಂದು ನನ್ನ ಬಳಿ ಓಡಿಬರುತ್ತಿದ್ದರು, ಕೆಟ್ಟಿಲ್ಲ ಕಣಮ್ಮ, ಕುರುಡಾಗಿ ಬಡಿ, ಅದಕ್ಕೆ ಗೊತ್ತಾಗುತ್ತೆ — ಹದಿನಾಲ್ಕು ಅಕ್ಷರ, ಬೆರಳಿಗೆ ಬಾಯಿಪಾಠ, ತಲೆಯನ್ನು ಕೇಳಿದರೆ ಹೇಳಲಾರದು. ಈಗ ಫೋನಿಗೆ ಆರಂಕಿ ಬರಬೇಕು, ಬಂತು, ಕನ್ನಡಕ ಎಲ್ಲಿ, ಹಣೆಯ ಮೇಲೇ ಇದೆ, ನಾಲ್ಕು ಒಂದು ಒಂದು ಒಂಬತ್ತು ಸೊನ್ನೆ ಎರಡು, ಮೂವತ್ತು ಸೆಕೆಂಡಿನೊಳಗೆ ಹಾಕದಿದ್ದರೆ ಇದು ಸತ್ತು ಇನ್ನೊಂದು ಹುಟ್ಟುತ್ತದೆ, ಹಾಕಿದೆ, ಒಳಗೆ. ಮೂವತ್ತನಾಲ್ಕು ವರ್ಷ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ ವಿಶ್ವವಿದ್ಯಾಲಯದ ಯಂತ್ರದ ಕೋಣೆಗೆ ಈಗ ಮಲಗುವ ಕೋಣೆಯ ಮೂಲೆಯಿಂದ, ಇಸ್ತ್ರಿ ಮಾಡದ ಬಟ್ಟೆಯ ರಾಶಿಯ ಪಕ್ಕದಿಂದ, ಬರಿಗಾಲಲ್ಲಿ ಹೋಗಿ ಬರುತ್ತೇನೆ. ಬಾಗಿಲಲ್ಲೇ ನಾನು ಬರೆದ ಸ್ವಾಗತ ಇನ್ನೂ ಹಾಗೇ ಇದೆ, ಇದು ಹಜಾರ, ಇಲ್ಲಿ ಭಾರದ ಕೆಲಸ ಮಾಡಬೇಡಿ, ಒಳಗೆ ಇನ್ನೂರು ಯಂತ್ರ ಕಾಯುತ್ತಿವೆ, ಸರದಿಯಲ್ಲಿ ನಿಲ್ಲಿ — ನಾನು ನಿವೃತ್ತನಾಗಿ ಮೂರು ತಿಂಗಳಾಯಿತು, ಬದಲಿಸುವ ಪುರಸೊತ್ತು ಯಾರಿಗೂ ಇಲ್ಲ. ಕೆಳಗೊಂದು ಹೊಸ ಸಾಲು, ನಿಮ್ಮ ಖಾತೆಯನ್ನು ಇಂದು ಸಂಜೆ ಐದಕ್ಕೆ ಮುಚ್ಚಲಾಗುವುದು. ಮುಚ್ಚಲಿ. ನನಗೆ ಎರಡು ಗಂಟೆಯವರೆಗೆ ಸಾಕು. ಈಗ ಒಂದು ಹೊಡೆದು ಎಂಟು ನಿಮಿಷ. ಎರಡು ಗಂಟೆಗೆ ಆ ಪ್ರೊಫೆಸರನ, ಬೂಟಿನವನ, ಆರು ವರ್ಷದ ದುಡಿಮೆ ಹೋಗುತ್ತದೆ, ಅದು ಹೋಗುವುದನ್ನು ನಾನು ಕಣ್ಣಾರೆ ನೋಡಬೇಕು, ಅಷ್ಟೇ, ಏನೂ ಮಾಡುವುದಿಲ್ಲ, ಕೈ ಕಟ್ಟಿ ಕುಳಿತು ನೋಡುತ್ತೇನೆ.

ಏನೂ ಮಾಡುವುದಿಲ್ಲ ಎಂಬುದರಲ್ಲೇ ಮಜಾ ಇರುವುದು. ಆ ದೊಡ್ಡ ಡಿಸ್ಕಿನ ನಿಯಮ ಬರೆದವನು ನಾನೇ, ಮೂವತ್ತು ದಿನ ಯಾರೂ ಮುಟ್ಟದ ಫೈಲು ಭಾನುವಾರ ಮಧ್ಯಾಹ್ನ ಎರಡಕ್ಕೆ ತಾನಾಗಿ ಅಳಿಸಿಹೋಗುತ್ತದೆ, ಓದಿದರೆ ಲೆಕ್ಕಕ್ಕಿಲ್ಲ, ಅದು ಇಟ್ಟುಕೊಳ್ಳುವ ಜಾಗವಲ್ಲ, ಕೆಲಸ ಮಾಡಿ ಎತ್ತಿಕೊಂಡು ಹೋಗುವ ಕಟ್ಟೆ, ಎಂದು ಎಷ್ಟು ಸಲ ಹೇಳಿದರೂ ಈ ವಿದ್ವಾಂಸರು ಎತ್ತುವುದಿಲ್ಲ, ಜೀವಮಾನದ ದುಡಿಮೆಯನ್ನು ಅಲ್ಲೇ ಹರಡಿ ಮನೆಗೆ ಹೋಗುತ್ತಾರೆ. ವಾರ ಮುಂಚೆ ಎಚ್ಚರಿಕೆಯ ಮೇಲ್ ಹೋಗುತ್ತದೆ, ಯಾರೂ ಓದುವುದಿಲ್ಲ, ಯಾಕೆಂದರೆ ಯಾವತ್ತೂ ಏನೂ ಹೋಗಿಲ್ಲ — ಯಾಕೆ ಹೋಗಿಲ್ಲ? ಈ ಮುದುಕ ಇದ್ದ. ಮುಟ್ಟುವುದಕ್ಕೇ ಒಂದು ಕಮಾಂಡ್ ಇದೆ, ಫೈಲಿನ ಒಳಗೆ ಒಂದಕ್ಷರ ಅಲುಗುವುದಿಲ್ಲ, ತಾರೀಖು ಮಾತ್ರ ಈ ಕ್ಷಣದ್ದಾಗುತ್ತದೆ, ಮತ್ತೆ ಮೂವತ್ತು ದಿನದ ಆಯಸ್ಸು. ಮರೆಗುಳಿಗಳ ಪಟ್ಟಿ ಒಂದಿತ್ತು ನನ್ನ ಬಳಿ, ನಲವತ್ತು ಫೋಲ್ಡರ್, ಪ್ರತಿ ತಿಂಗಳೂ ಯಂತ್ರಕ್ಕೆ ಆ ಪಟ್ಟಿ ಕೊಟ್ಟು ಒಂದೊಂದನ್ನೇ ಮುಟ್ಟಿಸಿ ಉಳಿಸುತ್ತಿದ್ದೆ, ಯಾರಿಗೂ ಹೇಳಲಿಲ್ಲ, ಹೇಳಿದರೆ ಇನ್ನೂ ಅರವತ್ತು ಜನ ಮರೆಯುತ್ತಿದ್ದರು. ಆ ಪಟ್ಟಿಯಲ್ಲಿ ಬೂಟಿನವನೂ ಇದ್ದ. ಹನ್ನೊಂದು ವರ್ಷ ಅವನ ಮುಖ ಕಂಡರೆ ಬಾಯಲ್ಲಿ ಕಹಿ ಉಕ್ಕುತ್ತಿತ್ತು, ಆದರೂ ಅವನ ಫೋಲ್ಡರ್ ಮುಟ್ಟುತ್ತಲೇ ಬಂದೆ, ಕೆಲಸ ಕೆಲಸವೇ, ಕುರ್ಚಿಯಲ್ಲಿ ಕುಳಿತು ಸೇಡು ತೀರಿಸಿಕೊಳ್ಳುವ ಕೀಳು ಬುದ್ಧಿ ನನಗಿರಲಿಲ್ಲ. ಈಗ ಕುರ್ಚಿ ಇಲ್ಲ. ಹೋದ ತಿಂಗಳು ಮನೆಯಿಂದಲೇ ಪಟ್ಟಿ ತೆರೆದು ಅವನ ಸಾಲಿನ ಮುಂದೆ ಒಂದು ಹ್ಯಾಶ್ ಇಟ್ಟೆ, ಒಂದೇ ಒಂದು ಗುರುತು, ಅದಿದ್ದರೆ ಯಂತ್ರ ಆ ಸಾಲನ್ನು ದಾಟಿ ಮುಂದೆ ಹೋಗುತ್ತದೆ. ಅದನ್ನು ಅಪರಾಧ ಎನ್ನಲು ಯಾವ ಸಮಿತಿಗೂ ಆಗದು, ಮಾಡಬೇಕಾಗಿಲ್ಲದ್ದನ್ನು ಮಾಡದೆ ಬಿಟ್ಟೆ. ಊಟಕ್ಕೆ ಬರ್ತೀರೋ ಆ ಡಬ್ಬಾನೇ ಕಟ್ಕೊಂಡು ಸಂಸಾರ ಮಾಡ್ತೀರೋ — ಅಡುಗೆಮನೆಯಿಂದ ಇವಳು, ಮೂವತ್ತೆಂಟು ವರ್ಷದ ಹೆಂಡತಿ, ಸ್ವರ ಮೇಲೇರಿಸುವುದೇ ಇಲ್ಲ, ಆದರೂ ಗೋಡೆ ಕೊರೆದುಕೊಂಡು ಬರುತ್ತದೆ. ಎರಡು ಗಂಟೆಗೆ ಬರ್ತೀನಿ ಮಾರಾಯ್ತಿ. ಎರಡು ಗಂಟೆಗೆ ಏನು, ಮುಹೂರ್ತಾನಾ? ಅಂಥದ್ದೇ ಅಂದುಕೋ.

ಬೂಟು ಎಂದು ಹೆಸರಿಟ್ಟವನು ನಾನೇ, ಯಂತ್ರದ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟು ಬರಬೇಕು, ಧೂಳಾದರೆ ಫ್ಯಾನು ಕೆಮ್ಮುತ್ತದೆ, ಕುಲಪತಿಯೇ ಕಾಲುಚೀಲದಲ್ಲಿ ಬಂದು ಹೋಗಿದ್ದ, ಇವನೊಬ್ಬ ಮಾತ್ರ ಟಕಟಕ ಎಂದು ಬೂಟಿನಲ್ಲೇ ನುಗ್ಗುತ್ತಿದ್ದ, ಲೇಸು ಬಿಚ್ಚುವಷ್ಟು ಹೊತ್ತಿಲ್ಲಪ್ಪಾ ಆಪರೇಟರ್, ನಮಗೆ ಸಂಶೋಧನೆ ಇದೆ. ನಮಗೇನಿತ್ತು, ನೊಣ ಹೊಡೆಯುವುದು. ಹನ್ನೊಂದು ವರ್ಷದ ಹಿಂದಿನ ಆ ಬುಧವಾರವೂ ಹಾಗೇ ನುಗ್ಗಿದ, ಆದರೆ ಟಕಟಕ ಇರಲಿಲ್ಲ, ಕಾಲು ಎಳೆಯುತ್ತ ಬಂದ, ಮುಖದಲ್ಲಿ ರಕ್ತವಿಲ್ಲ. ಅಣ್ಣಾ — ನನ್ನನ್ನು! ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಣ್ಣಾ — ತಪ್ಪಾಗೋಯ್ತು, ಮನೆಯಿಂದ ಲಾಗಿನ್ ಆಗಿದ್ದೆ, ಎರಡು ಕಿಟಕಿ ತೆರೆದಿತ್ತು, ಒಂದು ನನ್ ಕಂಪ್ಯೂಟರ್‌ದು ಒಂದು ಇಲ್ಲಿಯದು, ನನ್ದರಲ್ಲಿರೋ ಕಸ ಅಳಿಸ್ತಿದೀನಿ ಅನ್ಕೊಂಡು ಇಲ್ಲಿ ಹೊಡೆದುಬಿಟ್ಟೆ. ಏನು ಹೊಡೆದ? ಅಳಿಸು, ಅದರ ಮುಂದೆ ನಕ್ಷತ್ರದ ಗುರುತು. ಆ ಪುಟಾಣಿ ನಕ್ಷತ್ರಕ್ಕೆ ನಮ್ಮ ಲೋಕದಲ್ಲಿ ಎಲ್ಲವೂ ಎಂದು ಅರ್ಥ, ಇಲ್ಲಿರುವುದೆಲ್ಲವೂ, ಹೆಸರು ಕೇಳದೆ, ವಯಸ್ಸು ನೋಡದೆ. ಏಳು ವಿದ್ಯಾರ್ಥಿಗಳ ಕೆಲಸವಿದ್ದ ಸಾರ್ವಜನಿಕ ಫೋಲ್ಡರ್ ಅದು, ನಾಲ್ಕು ಸೆಕೆಂಡಿನಲ್ಲಿ ಬಯಲು. ಯಾರು ಯಾವ ಕಮಾಂಡ್ ಹೊಡೆದರು ಎಂಬ ದಾಖಲೆ ಇರುತ್ತದೆ, ಲಾಗ್, ಅದರಲ್ಲಿ ಅವನ ಹೆಸರು, ಹೊತ್ತು, ಆ ಸಾಲು. ನನ್ನ ಎರಡೂ ಕೈ ಹಿಡಿದುಕೊಂಡ, ಅವನ ಅಂಗೈ ಒದ್ದೆ, ಅದೊಂದು ಸಾಲು ತೆಗೆದುಬಿಡು ಅಣ್ಣಾ, ಡಿಸ್ಕೇ ಕೆಟ್ಟಿತ್ತು ಅಂತ ಸಮಿತಿ ಮುಂದೆ ನಾನೇ ಹೇಳ್ತೀನಿ, ನಿನ್ ಮೇಲೆ ಒಂದು ಮಾತು ಬರಕ್ಕೆ ಬಿಡಲ್ಲ, ನನ್ ಮಕ್ಕಳಾಣೆ. ತೆಗೆದೆ. ದಡ್ಡ, ಶತದಡ್ಡ, ಅಣ್ಣಾ ಎಂದದ್ದಕ್ಕೆ ಕರಗಿ ತೆಗೆದೆ. ಸಮಿತಿಯಲ್ಲಿ ಮೂವರು, ಮೂರು ನೀರಿನ ಲೋಟ, ಲಾಗ್ ಅಳಿಸಿರೋದು ಯಾರ ಖಾತೆಯಿಂದ? ನನ್ನದು ಸಾರ್. ಯಾಕೆ ಅಳಿಸಿದ್ರಿ? ನಾನು ಬೂಟಿನವನ ಕಡೆ ನೋಡಿದೆ, ಅವನು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ, ತಿರುಗಿಸಿ ಮುಗಿಸಿ ಹೇಳಿದ, ಪಾಪ, ಒಳ್ಳೆ ಮನುಷ್ಯನೇ, ಸ್ವಚ್ಛ ಮಾಡುವಾಗ ಕೈ ತಪ್ಪಿದೆ, ಹೆದರಿ ಮುಚ್ಚಿಟ್ಟಿದ್ದಾನೆ, ದೊಡ್ಡ ಶಿಕ್ಷೆ ಬೇಡ ಅಂತ ನನ್ ವಿನಂತಿ. ವಿನಂತಿ! ಕತ್ತು ಕೊಯ್ದು ಮೇಲೆ ಬ್ಯಾಂಡೇಜಿಗೆ ಶಿಫಾರಸು. ಆಗ ಯಾಕೆ ಬಾಯಿ ಬಿಡಲಿಲ್ಲ ಎಂದು ಇವಳು ಹನ್ನೊಂದು ವರ್ಷದಿಂದ ಕೇಳುತ್ತಾಳೆ, ಬಿಟ್ಟು ಏನು ಮಾಡಲಿ, ಸಾಕ್ಷಿ ಎಲ್ಲಿ, ಸಾಕ್ಷಿಯನ್ನು ನುಂಗಿದವನೇ ನಾನು. ಹದಿನಾಲ್ಕು ತಿಂಗಳು ನೆಲಮಾಳಿಗೆಯ ಉಗ್ರಾಣದಲ್ಲಿ ಮುರಿದ ಕುರ್ಚಿಗಳಿಗೆ ನಂಬರು ಅಂಟಿಸಿದೆ, ಆಮೇಲೆ ಕ್ಲಸ್ಟರ್, ಆ ಇನ್ನೂರು ಯಂತ್ರದ ಕೂಟ, ಮೂರು ದಿನ ಮೇಲೇಳದಿದ್ದಾಗ ಕರೆದರು, ಹೋದೆ, ಎಬ್ಬಿಸಿದೆ, ಬಡ್ತಿ ಮಾತ್ರ ಹೋದದ್ದು ಹೋಯಿತು. ಆ ಏಳು ಜನರಲ್ಲಿ ಒಬ್ಬಾಕೆ ಓದು ಬಿಟ್ಟಳು, ಹೋಗುವ ದಿನ ಯಂತ್ರದ ಕೋಣೆಯ ಗಾಜಿನಾಚೆ ನಿಂತು ನನ್ನನ್ನು ನೋಡಿದಳು, ಬೈಯಲಿಲ್ಲ, ಬರೀ ನೋಡಿದಳು, ನಾನಲ್ಲಮ್ಮ ಎಂದೆ, ಗಾಜು ದಪ್ಪ, ಒಳಗೆ ಇನ್ನೂರು ಫ್ಯಾನಿನ ಸದ್ದು.

ಫೋನು. ಒಂದು ಹದಿಮೂರು. ಗೊತ್ತಿಲ್ಲದ ನಂಬರು. ಅಂಕಲ್, ನಾನು ಬೂಟ್ ಸಾರ್ ಸ್ಟೂಡೆಂಟು — ಅಯ್ಯೋ ಸಾರಿ, ಸಾರ್ ಸ್ಟೂಡೆಂಟು. ಬೂಟು ಅಂತ್ಲೇ ಹೇಳಮ್ಮ, ನಾಮಕರಣ ಮಾಡಿದ್ದೇ ನಾನು. ನಗಲಿಲ್ಲ ಹುಡುಗಿ, ಉಸಿರು ಎಳೆದುಕೊಂಡಳು, ಇವತ್ತು ಅಳಿಸೋ ಪಟ್ಟಿಲಿ ನಮ್ ಫೋಲ್ಡರ್ ಇದೆ ಅಂಕಲ್, ಆರು ವರ್ಷದ್ದೂ ಇದೆ, ಸಾರ್‌ಗೆ ಹೇಳಿದ್ರೆ ಆ ಮೇಲ್ ಪ್ರತಿ ತಿಂಗಳೂ ಬರುತ್ತೆ ಏನೂ ಆಗಲ್ಲ ಅಂತಾರೆ, ನಿಜಾನಾ? ನಿಜ ಅಲ್ಲ. ಮತ್ತೆ ಇಷ್ಟು ವರ್ಷ ಯಾಕೆ ಏನೂ ಆಗಿಲ್ಲ? ನಾನಿದ್ದೆ. ಅವಳಿಗೆ ಗೊತ್ತು, ನನಗೂ ಗೊತ್ತು, ಆ ಫೋಲ್ಡರಿನಲ್ಲಿ ಇರುವುದು ನದಿ, ನದಿ ತರುವ ಮಣ್ಣು ಅಣೆಕಟ್ಟಿನ ಹಿಂದೆ ಎಲ್ಲೆಲ್ಲಿ ಕೂರುತ್ತದೆ ಎಂಬ ಲೆಕ್ಕ, ದಿನಕ್ಕೊಂದು ಫೈಲು, ಆರು ವರ್ಷಕ್ಕೆ ಎರಡು ಸಾವಿರದ ನೂರ ತೊಂಬತ್ತು, ಇವತ್ತಿನ ಮಣ್ಣು ನಿನ್ನೆಯದರ ಮೇಲೆ ಕೂರುವುದರಿಂದ ನಡುವೆ ಒಂದು ದಿನ ಕಳೆದರೂ ಮುಂದಿನದೆಲ್ಲ ದಂಡ. ಲೆಕ್ಕ ಕಟ್ಟಿದವಳು ಅವಳು, ಯಂತ್ರ ಬಳಸಲು ಸಿಕ್ಕ ಗಂಟೆಗಳು ಬೂಟಿನವನ ಹೆಸರಲ್ಲಿ, ಆದ್ದರಿಂದ ಫೈಲೂ ಅವನ ಹೆಸರಲ್ಲಿ, ಓದಬಹುದು, ಮುಟ್ಟುವ ಹಕ್ಕು ಅವಳಿಗಿಲ್ಲ. ಆರು ವಾರದಲ್ಲಿ ಥೀಸಿಸ್ ಕೊಡ್ಬೇಕು ಅಂಕಲ್. ನಕಲು ಮಾಡ್ಕೋ. ನನ್ ಜಾಗಕ್ಕೆ ಹಿಡಿಸಲ್ಲ, ಹತ್ತರಲ್ಲಿ ಒಂದು ಪಾಲೂ ಹಿಡಿಸಲ್ಲ. ಹೊಸ ಆಪರೇಟರ್? ಭಾನುವಾರ ಫೋನ್ ಎತ್ತಲ್ಲ. ನಾನು ಭಾನುವಾರ ಎತ್ತುತ್ತಿದ್ದೆ, ಎತ್ತಿ ಎತ್ತಿ ಏನು ಸಿಕ್ಕಿತು. ನಿಮ್ಗಿನ್ನೂ ಹಕ್ಕಿದೆಯಂತಲ್ಲ ಅಂಕಲ್, ನೀವೇ ಏನಾದ್ರೂ... ಇದೆ, ಸಂಜೆವರೆಗೆ ಇದೆ. ನಿಮ್ ಸಾರ್‌ಗೆ ಹೇಳು, ನಂಗೊಂದು ಫೋನ್ ಮಾಡ್ಲಿ, ಅವರ ಬಾಯಿಂದ ಕೇಳ್ಬೇಕು ನಾನು, ಒಂದೇ ನಿಮಿಷದ ಕೆಲಸ ಮಾಡ್ಕೊಡ್ತೀನಿ. ಅವರು ಮಾಡಲ್ಲ ಅಂಕಲ್. ಯಾಕೆ? ನಿಮ್ ಹೆಸರು ಬಂದ್ರೆ ಸಾಕು ಬೇರೆ ಮಾತು ತೆಗೀತಾರೆ. ತೆಗೆಯಲಿ, ಹಾಗಾದ್ರೆ ಅವರೇ ಮುಟ್ಟಿಕೊಳ್ಳಲಿ, ಅವರ ಫೈಲು. ಆಯ್ತು ಅಂಕಲ್, ನಾನೇ ಅವರಿಗೆ ಕಮಾಂಡ್ ಬರೆದು ಕಳಿಸ್ತೀನಿ, ಒಂದೇ ಸಾಲು ಅಲ್ವಾ, ನಕ್ಷತ್ರ ಹಾಕಿದ್ರೆ ಎಲ್ಲಾ ಒಂದೇ ಸಲ. ಇಟ್ಟಳು. ಹೌದಲ್ಲ, ಒಂದು ಸಾಲು, ಅವನು ಅದನ್ನು ಹೊಡೆದರೆ ಮುಗಿಯಿತು, ಹನ್ನೊಂದು ವರ್ಷ ಕಾದದ್ದು ಒಂದು ಎಂಟರಿಗೆ ನೀರುಪಾಲು. ಇವಳು ಬಾಗಿಲಿಗೆ ಬಂದು ನಿಂತಿದ್ದಾಳೆ, ಕೈಯಲ್ಲಿ ಸೌಟು, ಆ ಹುಡುಗಿ ಅಳ್ತಿತ್ತಾ? ಇಲ್ಲ. ಅಳ್ತಿತ್ತು, ನಂಗೆ ಇಲ್ಲಿವರೆಗೆ ಕೇಳ್ತು. ಮೊದಲೊಬ್ಬಳು ಹೋದ್ಲು ಅಂತ ವರ್ಷಗಟ್ಟಲೆ ನಿದ್ದೆಗೆಟ್ರಿ, ಅದು ಅವನು ಮಾಡಿದ್ದು ಅಂತ ನಾನೂ ಸಮಾಧಾನ ಹೇಳ್ದೆ, ಇದು ಯಾರು ಮಾಡಿದ್ದು ಅಂತ ಹೇಳ್ಲಿ? ಉತ್ತರಕ್ಕೆ ಕಾಯದೆ ಹೋದಳು. ಕಾಯುವುದೇ ಇಲ್ಲ ಇವಳು, ಕಲ್ಲೆಸೆದು ಹೋಗುತ್ತಾಳೆ.

ಬಂದ. ಯಾರು ಯಾರು ಸೇರಿಕೊಂಡಿದ್ದಾರೆ ಎಂದು ಯಂತ್ರವನ್ನು ಕೇಳಿದರೆ ಎರಡೇ ಹೆಸರು, ನನ್ನದು, ಬೂಟಿನವನದು, ಒಂದು ಹತ್ತೊಂಬತ್ತಕ್ಕೆ ಒಳಗೆ ಬಂದಿದ್ದಾನೆ, ಮನೆಯಿಂದ. ಇನ್ನೂರು ಯಂತ್ರದ ಆ ಖಾಲಿ ಹಜಾರದಲ್ಲಿ ನಾವಿಬ್ಬರೇ, ಎದುರುಬದುರು, ಅವನಿಗೆ ನನ್ನ ಕಡೆ ನೋಡುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ಫೋನಿನ ಕಡೆ ನೋಡುತ್ತೇನೆ, ಈಗ ಬರುತ್ತದೆ, ಅಣ್ಣಾ ಎನ್ನುವುದೂ ಬೇಡ, ಏನಪ್ಪಾ ಆಪರೇಟರ್ ಎಂದರೂ ಸಾಕು, ಆವತ್ತು ನಾನು ಅನ್ಯಾಯ ಮಾಡ್ದೆ ಎಂಬ ನಾಲ್ಕು ಮಾತು, ಅಷ್ಟಕ್ಕೆ ನದಿಯನ್ನೇ ಕೊಟ್ಟುಬಿಡುತ್ತೇನೆ. ಬರಲಿಲ್ಲ. ಅವನ ಫೋಲ್ಡರನ್ನು ನನ್ನ ಪರದೆಯಲ್ಲಿ ಹರವಿಕೊಂಡು ಕುಳಿತೆ, ಎರಡೆರಡು ಸೆಕೆಂಡಿಗೆ ತಾನಾಗಿ ಹೊಸದಾಗುವ ಹಾಗೆ, ಎರಡು ಸಾವಿರದ ನೂರ ತೊಂಬತ್ತು ಸಾಲು, ಎಲ್ಲದರ ಮುಂದೆ ಹಳೆಯ ತಾರೀಖು. ಒಂದು ಇಪ್ಪತ್ತಕ್ಕೆ ಮೊದಲ ಸಾಲಿನ ತಾರೀಖು ಬದಲಾಯಿತು. ಒಂದರದು ಮಾತ್ರ. ಕಾದೆ. ಎರಡನೇ ದಿನದ್ದು. ಸ್ವಲ್ಪ ಬಿಟ್ಟು ಮೂರನೆಯದು. ಏನು ಮಾಡುತ್ತಿದ್ದಾನೆ ಇವನು — ನಾಲ್ಕು, ಐದು — ಒಂದೊಂದೇ ಮುಟ್ಟುತ್ತಿದ್ದಾನೆ! ಪೂರ್ತಿ ಹೆಸರು ಬಡಿದು, ಎಂಟರ್, ಮೇಲಿನ ಬಾಣ ಒತ್ತಿ ಹಳೆ ಸಾಲು ತರಿಸಿ, ಕೊನೆಯ ಅಂಕಿ ತಿದ್ದಿ, ಎಂಟರ್. ಗಡಿಯಾರ ಹಿಡಿದು ನೋಡಿದೆ, ಏಳು ಸೆಕೆಂಡಿಗೊಂದು. ನಗು ಬಂತು, ಜೋರಾಗಿಯೇ ನಕ್ಕೆ, ನಲವತ್ತು ನಿಮಿಷಕ್ಕೆ ಮುನ್ನೂರ ನಲವತ್ತು, ಮೊದಲ ವರ್ಷದ ಡಿಸೆಂಬರಿಗೆ ಹೋಗುವಷ್ಟರಲ್ಲಿ ಎರಡು ಗಂಟೆ, ಉಳಿದ ಐದು ವರ್ಷ ಹೊಳೆಗೆ. ಬಡಿ ಮಗನೇ, ಬಡಿ. ನಲವತ್ತೊಂದನೇ ದಿನ, ನಲವತ್ತೆರಡು. ಫೋನು ಟಿಂಗೆಂದಿತು, ಅವನಲ್ಲ, ಆ ಹುಡುಗಿಯ ಮೆಸೇಜು, ಅಂಕಲ್ ಕಮಾಂಡ್ ಕಳಿಸ್ದೆ, ನೋಡಿದ್ರು, ನಕ್ಷತ್ರ ಇರೋದನ್ನ ನಾನು ಯಾವತ್ತೂ ಹಾಕಲ್ಲ ಅಂದ್ರು, ಯಾಕೆ ಸಾರ್ ಅಂದ್ರೆ ಫೋನ್ ಇಟ್ಬಿಟ್ರು. ಎರಡು ಸಲ ಓದಿದೆ. ಮೂರನೇ ಸಲ ಕನ್ನಡಕ ಒರೆಸಿಕೊಂಡು ಓದಿದೆ. ಯಾವತ್ತೂ ಹಾಕಲ್ಲ. ಯಾವತ್ತಿನಿಂದ? ನಾನು ಮಾಡಿದ್ದಲ್ಲ ಎಂದು ಮೂರು ಲೋಟಗಳ ಮುಂದೆ ಹೇಳಿದವನಿಗೆ ನಕ್ಷತ್ರ ಕಂಡರೆ ಭಯ ಯಾಕೆ ಸ್ವಾಮಿ? ಕೈ ತಪ್ಪಿದ್ದು ನನ್ನದು ತಾನೆ, ನಾನು ಈಗಲೂ ದಿನಕ್ಕೆ ಐವತ್ತು ನಕ್ಷತ್ರ ಹಾಕುತ್ತೇನೆ, ಕೈ ನಡುಗುವುದಿಲ್ಲ. ನಡುಗುವುದು ಯಾರದು? ಎಂಬತ್ತಾರು. ಎಂಬತ್ತೇಳು. ಲಾಗ್ ಅಳಿಸಿದೆ ನಾನು, ಅವನ ಬೆರಳನ್ನು ಅಳಿಸಲಾಗಲಿಲ್ಲ.

ನೂರ ಎಂಬತ್ತು, ನೂರ ಎಂಬತ್ತೊಂದು, ಒಂದು ನಲವತ್ತೊಂದು. ಮುಗಿದುಹೋದ ಸಮಿತಿ, ಒಬ್ಬ ಸತ್ತ, ಒಬ್ಬನಿಗೆ ಮರೆವು, ಇನ್ನೊಬ್ಬ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ, ಇದನ್ನು ಯಾರ ಮುಂದೆ ಹಿಡಿಯಲಿ, ನೋಡಿ ಸ್ವಾಮಿ ಏಳೇಳು ಸೆಕೆಂಡು ಎಂದರೆ ಯಾರಿಗೆ ಅರ್ಥವಾದೀತು. ಓದಲು ಬರುವವನು ಭೂಮಿಯ ಮೇಲೆ ನಾನೊಬ್ಬನೇ. ಮತ್ತೆ ಎರಡು ಗಂಟೆಗೆ ಏನಾಗುತ್ತದೆ — ಯೋಚಿಸು ಮುದಿಯಾ, ಯೋಚಿಸು — ಎರಡು ಗಂಟೆಗೆ ಎಲ್ಲ ಹೋದರೆ ಅವನು ಕಳೆದುಕೊಂಡವನಾಗುತ್ತಾನೆ, ಎಲ್ಲರೂ ಅಯ್ಯೋ ಎನ್ನುತ್ತಾರೆ, ಅವನು ಪೆನ್ನಿನ ಮುಚ್ಚಳ ತಿರುಗಿಸುತ್ತ ಹೇಳುತ್ತಾನೆ, ಪಾಪ, ಒಳ್ಳೆ ಮನುಷ್ಯನೇ, ನಿವೃತ್ತಿ ಆದ ಮೇಲೆ ಪಟ್ಟಿಗೆ ಕೈ ಹಾಕಿದ್ದಾನೆ — ಆ ಹ್ಯಾಶ್ ಇದೆಯಲ್ಲ, ನನ್ನ ಖಾತೆಯಿಂದ ಇಟ್ಟದ್ದು, ಅವನಿಗೆ ಮತ್ತೆ ಒಂದು ವಿನಂತಿ ಮಾಡುವ ಅವಕಾಶ. ಆ ಸುಖ ಕೊಡಲೇ? ಅದೂ ಅಲ್ಲದೆ ಆ ಹುಡುಗಿ, ಗಾಜಿನಾಚೆ ನಿಲ್ಲುವ ಇನ್ನೊಂದು ಮುಖ, ಈ ಸಲ ನಾನಲ್ಲಮ್ಮ ಎನ್ನಲು ಬಾಯಿ ಎಲ್ಲಿಂದ ತರಲಿ. ಇನ್ನೂರ ಮೂವತ್ತು. ಒಂದು ನಲವತ್ತೇಳು. ಸಾಲು ಬರೆದೆ. ಮೂವತ್ತು ದಿನ ಮೀರಿದವನ್ನು ಮಾತ್ರ ಹುಡುಕು, ಅವನ್ನು ಮುಟ್ಟು — ಅವನು ಮುಟ್ಟಿದ್ದನ್ನು ಬಿಟ್ಟು, ಅವನ ಒಂದು ಸಾಲನ್ನೂ ನಾನು ಕೆಡಿಸುವುದಿಲ್ಲ, ಒಮ್ಮೆ ಕೆಡಿಸಿದ್ದು ಸಾಕು. ಎಂಟರ್. ಮೂರು ಸೆಕೆಂಡು. ಐದು ವರ್ಷ ಮತ್ತು ಉಳಿದ ದಿನಗಳೆಲ್ಲ ಒಂದೇ ತಾರೀಖು, ಒಂದು ನಲವತ್ತೇಳು, ಸಾಲು ಹಿಡಿದು ನಿಂತವು. ಹುಡುಗಿಗೆ ಬೆರಳಲ್ಲಿ ಕುಟ್ಟಿದೆ, ನಿನ್ನ ನದಿ ಪೂರ್ತಿ ಉಳಿದಿದೆ, ನಾಳೆಯೇ ಜಾಗ ಕೇಳಿ ನಕಲು ಮಾಡಿಸು, ಇಷ್ಟು ವರ್ಷದ ಹಾಗೆ ಇನ್ನು ಯಾರೂ ಕಾಯುವುದಿಲ್ಲ. ಅಯ್ಯೋ ಅಂಕಲ್!! ಸಾರ್‌ಗೆ ಹೇಳ್ಲಾ? ಬೇಡ. ಯಾಕೆ ಅಂಕಲ್? ಸಂಜೆವರೆಗೂ ಬೇಡ ಕಣಮ್ಮ, ಇದೊಂದು ಉಪಕಾರ ಮಾಡು. ಬರೀ ಸರಿ ಎಂದು ಬಂತು. ಜಾಣೆ.

ಅವನಿಗೆ ಗೊತ್ತಿಲ್ಲ. ಮೇಲೆ ಕೆಳಗೆ ನೋಡುವವನಲ್ಲ ಅವನು, ತನ್ನ ಸಾಲು ತನಗೆ. ಇನ್ನೂರ ಐವತ್ತು, ಉಳಿದುಹೋದ ಫೈಲನ್ನೇ ಉಳಿಸುತ್ತಿದ್ದಾನೆ, ನನ್ನ ತಾರೀಖಿನ ಮೇಲೆ ತನ್ನ ತಾರೀಖು ಒತ್ತುತ್ತಿದ್ದಾನೆ. ಇನ್ನೂರ ತೊಂಬತ್ತು, ಅಲ್ಲಿ ತಡೆದ, ಹದಿನೈದು ಸೆಕೆಂಡು, ಹೆಸರು ತಪ್ಪಿರಬೇಕು, ಅಥವಾ ಬೆರಳು ಸೆಟೆದಿರಬೇಕು, ಅವನಿಗೂ ಅರವತ್ತಾಗುತ್ತ ಬಂತು, ಮತ್ತೆ ಶುರು. ಒಂದು ಐವತ್ತೆಂಟು. ಐವತ್ತೊಂಬತ್ತು. ಎರಡು. ಯಾವುದೋ ಮರೆಗುಳಿಗಳ ಕಸ ಹೋಗಿರಬೇಕು, ಡಿಸ್ಕಿನಲ್ಲಿ ಜಾಗ ಹೆಚ್ಚಾಯಿತು, ನದಿ ನಿಂತಲ್ಲೇ ಇದೆ. ಈಗ ನಿಲ್ಲಿಸುತ್ತಾನೆ, ಗಡಿಯಾರ ನೋಡುತ್ತಾನೆ, ಅಲ್ಲಾ ಎಲ್ಲ ಇದೆಯಲ್ಲ ಎನ್ನುತ್ತಾನೆ, ಯಾರು ಎಂದು ಕೇಳಿಕೊಳ್ಳುತ್ತಾನೆ — ಎರಡು ಗಂಟೆ ಒಂದು ನಿಮಿಷ, ಮುನ್ನೂರ ನಲವತ್ತೆರಡು. ನಿಲ್ಲಿಸಲಿಲ್ಲ. ಅಳಿಸುವ ಕೆಲಸ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದೆ ಎಂದುಕೊಂಡು ಇನ್ನೂ ಓಡುತ್ತಿದ್ದಾನೆ. ಊಟ ಆರಿ ಕಲ್ಲಾಯ್ತು, ನಿಮ್ ಮುಹೂರ್ತ ಮುಗೀತಾ — ಮುಗೀತು ಕಣೇ, ಬಂದೆ. ಎದ್ದೆ. ಎದ್ದವನು ಕುರ್ಚಿಯ ಬೆನ್ನು ಹಿಡಿದು ನಿಂತೆ. ಕಿಟಕಿ ಮುಚ್ಚಬೇಕು, ಒಂದು ಫೋನು ಮಾಡಿದರೂ ಸಾಕು, ಸಾರ್ ಬಿಡಿ, ಆಗಿದೆ, ನಕ್ಷತ್ರ ನಾನು ಹಾಕ್ದೆ. ಮಾಡುವುದಿಲ್ಲ. ಇನ್ನೂ ಸಾವಿರದ ಎಂಟುನೂರು ಇವೆ, ಮೂರೂವರೆ ಗಂಟೆಯ ಕೆಲಸ, ಬಡಿಯಲಿ, ಲಾಗ್‌ನಲ್ಲಿ ನಾನು ಅಳಿಸಿದ ಆ ಒಂದು ಸಾಲನ್ನು ತನ್ನ ಕೈಯಾರೆ ಎರಡು ಸಾವಿರದ ನೂರ ತೊಂಬತ್ತು ಸಲ ಬರೆಯಲಿ, ನಾನೇ ನಾನೇ ನಾನೇ ಎಂದು. ಮೇಲಿನ ಬಾಣ, ಒಂದು ಅಂಕಿ, ಎಂಟರ್. ಮುನ್ನೂರ ಐವತ್ತಾರು. ಬಂದೆ ಅಂದ್ರಲ್ಲ — ಬಂದೆ. ಮೇಲಿನ ಬಾಣ, ಒಂದು ಅಂಕಿ, ಎಂಟರ್. ಮುನ್ನೂರ ಐವತ್ತೇಳು. ಕಾಲು ಬಾಗಿಲ ಕಡೆ ತಿರುಗುತ್ತಿಲ್ಲ. ಮೇಲಿನ ಬಾಣ, ಒಂದು ಅಂಕಿ,